ಎರಡನೆಯ ಪರೀಕ್ಷೆಯನ್ನೂ ಬರೆಯಬೇಕೇ?

(ವಾಡಿಯ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ. ಓದಿಕೊಳ್ಳಬೇಕಾದ ವಾಕ್ಯಭಾಗಗಳು: 1 ಸಮುವೇಲ 17:38–40, ಅಪೊಸ್ತಲರ ಕೃತ್ಯಗಳು 22:22–29, ಫಿಲಿಪ್ಪಿ 3:4–9)

 

ಇವತ್ತು ನಾನು ಒಂದು ಪ್ರಶ್ನೆಗೆ ಉತ್ತರ ಕೊಡೋಕೆ ನಿಂತಿದ್ದೇನೆ. ಪ್ರಶ್ನೆ ಕೇಳಿದವಳು ನಮ್ಮ ಸಭೆಯ ಒಂದು ಮನೆತನದ ಹುಡುಗಿ. ಅವಳ ಅಜ್ಜ ಶಹಾಬಾದಿನ ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವರು. ಅಪ್ಪ ಓದಿ ಅಮೆರಿಕಕ್ಕೆ ಹೋದರು. ಅವಳು ಅಲ್ಲೇ ಹುಟ್ಟಿದವಳು, ಈಗ ಅಲ್ಲೇ ಡಾಕ್ಟರ್ ಓದುತ್ತಿದ್ದಾಳೆ. ಅವಳ ಅಪ್ಪಣೆ ತಗೊಂಡೇ ಈ ಮಾತು ಹೇಳ್ತಿದ್ದೇನೆ, ಹೆಸರು ಮಾತ್ರ ಹೇಳೋದಿಲ್ಲ. ಅಜ್ಜಿಯ ಜೊತೆ ವಿಡಿಯೋ ಕಾಲಿನಲ್ಲಿದ್ದಾಗ ನಾನೂ ಅಲ್ಲೇ ಇದ್ದೆ. "ಪಾಸ್ಟರ್ ಅಂಕಲ್, ನನಗೊಂದು ಕೇಳೋದದ" ಅಂದಳು.

ಅವಳು ಕೇಳಿದ್ದು ಮೂರು ಪ್ರಶ್ನೆ. "ನಾನು ಬರೆಯಲೇಬೇಕಾದ ಪರೀಕ್ಷೆ ಒಂದಿದೆ. ಅದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಬರೆದರೆ ಒಳ್ಳೇ ಸೀಟು ಸಿಗಬಹುದು ಅಂತಾರೆ. ಬರೆದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದಾ? ಬರೆಯದಿದ್ದರೆ ಸೋಮಾರಿತನ ಆಗ್ತದಾ? ಮತ್ತೆ, ಬರೆದು ಫೇಲ್ ಆದರೆ ಅದನ್ನ ಯಾರಿಗೂ ಹೇಳದೆ ಇರಬಹುದಾ?"

ಮೂರನೆಯದನ್ನು ಕೇಳುವಾಗ ಅವಳ ದನಿ ಸಣ್ಣದಾಯಿತು. ಅಲ್ಲಿಯೇ ನನಗೆ ಗೊತ್ತಾಯಿತು, ಇದು ಬರೀ ಪರೀಕ್ಷೆಯ ವಿಷಯ ಅಲ್ಲ.

ಮೊದಲು ವಿಷಯ ಏನು ಅಂತ ತಿಳಿದುಕೊಳ್ಳೋಣ. ಅಮೆರಿಕದಲ್ಲಿ ಡಾಕ್ಟರ್ ಆಗೋಕೆ ಎರಡು ಬಗೆಯ ಕಾಲೇಜುಗಳಿವೆ. ಒಂದರಲ್ಲಿ ಎಂ.ಡಿ. ಕೊಡ್ತಾರೆ, ಇನ್ನೊಂದರಲ್ಲಿ ಡಿ.ಒ. ಕೊಡ್ತಾರೆ. ಡಿ.ಒ. ಅಂದರೆ ಆಸ್ಟಿಯೋಪಥಿಕ್ ವೈದ್ಯ. ಬೇರೆ ಎಷ್ಟೋ ದೇಶಗಳಲ್ಲಿ ಆಸ್ಟಿಯೋಪಾಥ್ ಅಂದರೆ ಕೈಯಿಂದ ಮೈ ತಿದ್ದುವವರು ಅಷ್ಟೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ 50 ರಾಜ್ಯಗಳಲ್ಲೂ ಡಿ.ಒ. ಪೂರ್ತಿ ವೈದ್ಯರು, ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಎಂ.ಡಿ.ಯವರು ಓದೋದನ್ನೆಲ್ಲ ಓದಿ, ಅದರ ಮೇಲೆ ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಪರೀಕ್ಷಿಸಿ ಚಿಕಿತ್ಸೆ ಕೊಡೋದನ್ನು ಸುಮಾರು 200 ತಾಸು ಹೆಚ್ಚಾಗಿ ಕಲಿಯುತ್ತಾರೆ. ಇವತ್ತು ಆ ದೇಶದ ವೈದ್ಯ ವಿದ್ಯಾರ್ಥಿಗಳಲ್ಲಿ ನಾಲ್ಕರಲ್ಲಿ ಒಬ್ಬರಷ್ಟು ಡಿ.ಒ. ಕಾಲೇಜಿನವರೇ.

ಡಿ.ಒ. ವಿದ್ಯಾರ್ಥಿಗಳಿಗೆ ಲೈಸೆನ್ಸ್ ಪರೀಕ್ಷೆಯ ಹೆಸರು ಕಾಮ್‌ಲೆಕ್ಸ್. ಎಂ.ಡಿ.ಯವರಿಗೆ ಯುಎಸ್ಎಂಎಲ್ಇ. ಕಾಮ್‌ಲೆಕ್ಸ್ ಇವಳು ಬರೆಯಲೇಬೇಕು. ಯುಎಸ್ಎಂಎಲ್ಇ ಬೇಕಾದರೆ ಬರೆಯಬಹುದು, ಬಿಟ್ಟರೂ ಲೈಸೆನ್ಸಿಗೆ ಅಡ್ಡಿಯಿಲ್ಲ. ಹಾಗಾದರೆ ಯಾಕೆ ಬರೆಯಬೇಕು? ಓದು ಮುಗಿದ ಮೇಲೆ ರೆಸಿಡೆನ್ಸಿ ಅಂತ ಆಸ್ಪತ್ರೆಯ ತರಬೇತಿ ಇರುತ್ತದೆ, ನಮ್ಮ ಪಿ.ಜಿ. ಸೀಟಿನ ಹಾಗೆ. ಮೊದಲು ಎಂ.ಡಿ., ಡಿ.ಒ. ತರಬೇತಿಗಳಿಗೆ ಬೇರೆ ಬೇರೆ ಮಾನ್ಯತೆ ಇತ್ತು. 2015ರಿಂದ 2020ರೊಳಗೆ ಅವೆರಡನ್ನೂ ಒಂದೇ ವ್ಯವಸ್ಥೆಗೆ ತಂದರು. ಈಗ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಅಳತೆಗೋಲು ಎರಡು. ಕಾಮ್‌ಲೆಕ್ಸಿನಲ್ಲಿ ಮೊದಲೆರಡು ಹಂತಕ್ಕೆ 400 ಅಂದರೆ ಪಾಸು. ಯುಎಸ್ಎಂಎಲ್ಇಯ ಅಂಕವೇ 300ರ ಒಳಗೆ ಬರುತ್ತದೆ. ಒಬ್ಬರು ಸೇರಿನಲ್ಲಿ ಅಳೆದು ತಂದರು, ಇನ್ನೊಬ್ಬರು ಕಿಲೋದಲ್ಲಿ ತೂಗಿ ತಂದರು ಅಂದ್ಕೊಳ್ಳಿ. ಆರಿಸುವವರಿಗೆ ಕಿಲೋ ಮಾತ್ರ ಪರಿಚಯ ಇದ್ದರೆ ಸೇರಿನವನ ಚೀಲ ಬದಿಗೆ ಉಳಿಯುತ್ತದೆ. ಮೂಳೆ ಶಸ್ತ್ರಚಿಕಿತ್ಸೆ, ಚರ್ಮರೋಗದಂಥ ಪೈಪೋಟಿಯ ವಿಭಾಗಗಳಲ್ಲಿ ಇದು ಹೆಚ್ಚು.

2022ರಲ್ಲಿ ಎರಡೂ ಪರೀಕ್ಷೆಗಳ ಮೊದಲ ಹಂತದಲ್ಲಿ ಅಂಕ ಕೊಡೋದನ್ನು ನಿಲ್ಲಿಸಿದರು. ಈಗ ಪಾಸು ಇಲ್ಲವೇ ಫೇಲು ಅಷ್ಟೇ. ಹಾಗಾಗಿ ಎಲ್ಲರ ಕಣ್ಣು ಎರಡನೆಯ ಹಂತದ ಅಂಕದ ಮೇಲೆ. ಒಂದೊಂದು ಪರೀಕ್ಷೆಗೂ 600 ಡಾಲರಿಗಿಂತ ಹೆಚ್ಚು ಫೀಸು, ಒಂದೊಂದಕ್ಕೂ ಇಡೀ ದಿನದ ಕೂಡು, ಅದರ ಹಿಂದೆ ತಿಂಗಳುಗಟ್ಟಲೆ ಓದು. ಆ ದೇಶದಲ್ಲಿ ಡಾಕ್ಟರ್ ಓದಿ ಮುಗಿಸುವಷ್ಟರಲ್ಲಿ ಸಾಲ ಎರಡು ಲಕ್ಷ ಡಾಲರ್ ದಾಟೋದು ಸಾಮಾನ್ಯ. ಇಷ್ಟು ಭಾರ ಹೊತ್ತ ಹುಡುಗಿ ಕೇಳ್ತಾಳೆ, ಇನ್ನೊಂದು ಹೊರೆ ಹೊರಲಾ ಬೇಡವಾ ಅಂತ.

ಇದು ಅಮೆರಿಕದ ಮಾತು, ನಮಗೇನು ಅಂತ ಅನ್ನಬೇಡಿ. ಇಲ್ಲಿ ಕೂತವರಲ್ಲೇ ನೀಟ್ ಎರಡನೇ ಸಲ ಬರೆಯುವವರಿದ್ದಾರೆ. ನರ್ಸಿಂಗ್ ಮುಗಿಸಿ, ಕರ್ನಾಟಕದ ರಿಜಿಸ್ಟ್ರೇಷನ್ ಇದ್ದರೂ ಎನ್‌ಕ್ಲೆಕ್ಸ್ ಬರೆಯಲಾ ಅಂತ ಯೋಚಿಸುವ ಅಕ್ಕಂದಿರಿದ್ದಾರೆ. ಬಿಎಎಂಎಸ್ ಓದುವ ತಮ್ಮಂದಿರಿದ್ದಾರೆ. ಅವರ ಸ್ಥಿತಿ ಡಿ.ಒ.ಗಳ ಹಾಗೇ ಅಂತ ನಾನು ಹೇಳೋದಿಲ್ಲ, ಕಾನೂನು ಬೇರೆ, ಓದು ಬೇರೆ. ಆದರೆ ನೋವು ಒಂದೇ ಜಾತಿಯದು. ಎಂಬಿಬಿಎಸ್‌ನವರಿಗೆ ನೀಟ್ ಪಿ.ಜಿ., ಆಯುಷ್‌ನವರಿಗೆ ಎಐಎಪಿಜಿಇಟಿ, ಸಾಲುಗಳೇ ಬೇರೆ. 2020ರ ನವೆಂಬರಿನಲ್ಲಿ ಆಯುರ್ವೇದದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 58 ಬಗೆಯ ಶಸ್ತ್ರಚಿಕಿತ್ಸೆಗಳ ತರಬೇತಿ ಅಂತ ಅಧಿಸೂಚನೆ ಬಂದಾಗ, ಡಿಸೆಂಬರ್ 11ಕ್ಕೆ ಭಾರತೀಯ ವೈದ್ಯಕೀಯ ಸಂಘ ದೇಶದಾದ್ಯಂತ ಮುಷ್ಕರ ಮಾಡಿತು. ಅದರ ಸರಿ ತಪ್ಪು ಇವತ್ತಿನ ವಿಷಯ ಅಲ್ಲ. ಆದರೆ ಮದುವೆ ಮನೆಯಲ್ಲಿ "ನೀ ಯಾವ ಡಾಕ್ಟರ್ ಓದ್ಲಿಕತ್ತೀ?" ಅಂತ ಯಾರಾದರೂ ಕೇಳಿದಾಗ, ಉತ್ತರ ಕೊಡುವ ಮೊದಲು ಒಂದು ಕ್ಷಣ ಗಂಟಲು ಕಟ್ಟುತ್ತದಲ್ಲ, ಆ ಕ್ಷಣ ಎಲ್ಲರಿಗೂ ಗೊತ್ತು.

ಈಗ ಮೊದಲ ಎರಡು ಪ್ರಶ್ನೆ. ನಮ್ಮ ಸಭೆಗಳಲ್ಲಿ ಇದಕ್ಕೆ ಎರಡು ಸುಲಭದ ಉತ್ತರ ಸಿಗುತ್ತವೆ. ಎರಡೂ ತಪ್ಪು.

ಒಂದು ಉತ್ತರ: "ಒಂದೇ ಬರಿ ಮಗಳೇ. ಯೇಸುವಿನ ನಾಮದಲ್ಲಿ ಆ ಸೀಟು ನಿನ್ನದು ಅಂತ ಅರಿಕೆ ಮಾಡು, ಆಗಿಹೋಗ್ತದೆ." ಪ್ರಿಯರೇ, ನಾನು ಪವಿತ್ರಾತ್ಮನ ಶಕ್ತಿಯನ್ನು ನಂಬುವವನು. ವರಗಳನ್ನು ನಂಬುವವನು. ಪ್ರವಾದನೆಯನ್ನು ನಂಬುವವನು. ಅದಕ್ಕೇ ಹೇಳ್ತೇನೆ: ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಅಂತ ಕರ್ತನಿಗೆ ವಾಕ್ಯವನ್ನೇ ತೋರಿಸಿದವನು ಯಾರು? ಸೈತಾನ. ಕರ್ತನು ಧುಮುಕಲಿಲ್ಲ. ಮೆಟ್ಟಿಲು ಇದ್ದಾಗ ಮೆಟ್ಟಿಲು ಇಳಿಯೋದು ಅವಿಶ್ವಾಸ ಅಲ್ಲ.

ಇದನ್ನು ಹೇಳುವಾಗ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಹಲವು ವರ್ಷದ ಹಿಂದೆ ಉಪವಾಸ ಪ್ರಾರ್ಥನೆಯಲ್ಲಿ ಒಬ್ಬ ತಮ್ಮನ ತಲೆಯ ಮೇಲೆ ಕೈಯಿಟ್ಟು, ಈ ವರ್ಷ ನಿನಗೆ ಮೆಡಿಕಲ್ ಸೀಟು ಆಗೇ ಆಗುತ್ತದೆ ಅಂತ ಇಡೀ ಸಭೆಯ ಮುಂದೆ ಹೇಳಿದೆ. ಸಭೆ ಹಲ್ಲೆಲೂಯಾ ಅಂತ ಕೂಗಿತು. ಸೀಟು ಆಗಲಿಲ್ಲ. ಅವನು ಹೈರಾಣಾಗಿ ಹೋದ. ಸೀಟು ಹೋದದ್ದಕ್ಕಲ್ಲ, ದೇವರೇ ನನಗೆ ಸುಳ್ಳು ಹೇಳಿದ ಅಂತ. ದೇವರು ಹೇಳಿರಲಿಲ್ಲ, ನಾನು ಹೇಳಿದ್ದೆ. ಅದು ಆತ್ಮನ ಮಾತಾಗಿರಲಿಲ್ಲ, ಅವನ ತಾಯಿಯ ಕಣ್ಣೀರು ನೋಡಿ ನನಗೆ ಬಂದ ಆಸೆಯಾಗಿತ್ತು. ನಾನು ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ಅವನು ನನ್ನ ಫೋನ್ ಎತ್ತುತ್ತಾನೆ, ಸಭೆಗೆ ಇನ್ನೂ ಬರೋದಿಲ್ಲ. ಆದ್ದರಿಂದ ಈ ಹುಡುಗಿಗೆ ನಿನಗೆ ಸೀಟು ಸಿಗುತ್ತದೆ ಅಂತ ನಾನು ಹೇಳಲಿಲ್ಲ. ಅಜ್ಜಿ ಎಷ್ಟು ಕೇಳಿಕೊಂಡರೂ ಹೇಳಲಿಲ್ಲ.

ಇನ್ನೊಂದು ಉತ್ತರ ಪಟ್ಟಣದ ಉತ್ತರ: "ಎಲ್ಲಾ ಬರಿ. ಒಂದು ಬಾಗಿಲನ್ನೂ ಮುಚ್ಚಬೇಡ." ಇದು ಬುದ್ಧಿವಂತಿಕೆಯ ಹಾಗೆ ಕಾಣುತ್ತದೆ. ಆದರೆ ಬಹಳ ಸಲ ಇದರ ಹೊಟ್ಟೆಯಲ್ಲಿರೋದು ಭಯ. ಅರಣ್ಯದಲ್ಲಿ ಇಸ್ರಾಯೇಲ್ಯರು ನಾಳೆ ಸಿಗದಿದ್ದರೆ ಅಂತ ಮನ್ನವನ್ನು ಕೂಡಿಟ್ಟರು; ಬೆಳಿಗ್ಗೆ ನೋಡಿದರೆ ಹುಳ ಬಿದ್ದು ನಾರುತ್ತಿತ್ತು. ಭಯದಿಂದ ಕೂಡಿಟ್ಟ ಸರ್ಟಿಫಿಕೇಟುಗಳಿಗೂ ಅದೇ ಗತಿ. ಮೂರು ಪರೀಕ್ಷೆಗೆ ಒಟ್ಟಿಗೆ ತಯಾರಿ ಮಾಡಿ, ಮೂರರಲ್ಲೂ ಅರೆಬರೆ ಆಗಿ, ನಿದ್ದೆ ಕೆಟ್ಟು, ಪ್ರಾರ್ಥನೆ ಬಿಟ್ಟು, ಮೈ ಕೈ ಸೋತ ಮಕ್ಕಳನ್ನು ನಾನು ನೋಡಿದ್ದೇನೆ.

ಹಾಗಾದರೆ ದಾರಿ ಯಾವುದು? ದಾವೀದನ ಹತ್ತಿರ ಹೋಗೋಣ.

ಸೌಲನು ದಾವೀದನಿಗೆ ತನ್ನ ಕವಚ ತೊಡಿಸಿದ, ತಲೆಗೆ ತಾಮ್ರದ ಶಿರಸ್ತ್ರಾಣ ಇಟ್ಟ. ನಾವು ಪ್ರಸಂಗದಲ್ಲಿ ಓಡೋಡಿ ಕವಣೆಗೆ ಹೋಗಿಬಿಡ್ತೇವೆ. ಸ್ವಲ್ಪ ನಿಲ್ಲಿ. ದಾವೀದನು ಆ ಕವಚವನ್ನು ಹಾಕಿಕೊಂಡು ನೋಡಿದ. ಹಾಕಿಕೊಂಡು ನಡೆಯಲು ಪ್ರಯತ್ನ ಮಾಡಿದ. ಆಮೇಲೆ, ಇದು ನನಗೆ ಅಭ್ಯಾಸವಿಲ್ಲ ಅಂತ ತೆಗೆದಿಟ್ಟ. ಕವಚ ಪಾಪ ಅಂತ ಹೇಳಲಿಲ್ಲ. ಕವಚ ಹಾಕುವವರಿಗೆ ನಂಬಿಕೆ ಕಡಿಮೆ ಅಂತಲೂ ಹೇಳಲಿಲ್ಲ. ತನಗೆ ಒಗ್ಗಿಲ್ಲ ಅಂದ, ಅಷ್ಟೇ. ಇನ್ನೂ ನೋಡಿ, ಗೊಲ್ಯಾತನು ಬಿದ್ದ ಮೇಲೆ ದಾವೀದನು ಅವನದೇ ಕತ್ತಿಯನ್ನು ಹಿರಿದು ಕೆಲಸ ಮುಗಿಸಿದ. ಕತ್ತಿ ಬಗ್ಗೆ ಅವನಿಗೆ ಮಡಿ ಮೈಲಿಗೆ ಇರಲಿಲ್ಲ.

ಅದಕ್ಕೆ ನಾನು ಅವಳಿಗೆ ಹೇಳಿದ್ದು: ಮಗಳೇ, ಕವಚ ಹಾಕಿ ನೋಡು. ಮೊದಲು ಯುಎಸ್ಎಂಎಲ್ಇಯ ಮಾದರಿ ಪರೀಕ್ಷೆ ತಗೋ. ಕಾಮ್‌ಲೆಕ್ಸಿಗೆ ಓದಿದ್ದು ಅಲ್ಲಿ ಎಷ್ಟು ದೂರ ಬರುತ್ತದೆ ನೋಡು. ಅಂಕ ಒಳ್ಳೇದಿದ್ದರೆ ಒಂದು ಮಾತು, ಗಡಿಯಲ್ಲಿದ್ದರೆ ಇನ್ನೊಂದು ಮಾತು. ಆ ಪರೀಕ್ಷೆಯಲ್ಲಿ ಒಮ್ಮೆ ಪಾಸಾದರೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯೋಕೆ ಬಿಡೋದಿಲ್ಲ. ಕಡಿಮೆ ಅಂಕ ಬಂದರೆ ಅದೇ ಉಳಿಯುತ್ತದೆ. ಮೊದಲ ಹಂತವನ್ನೂ ಎರಡನೆಯ ಹಂತವನ್ನೂ ಯಾವ ಕ್ರಮದಲ್ಲಾದರೂ ಬರೆಯಬಹುದು. ಹಾಗಾಗಿ ಕೆಲವು ಡಿ.ಒ. ವಿದ್ಯಾರ್ಥಿಗಳು ಅಂಕ ಬರುವ ಎರಡನೆಯದನ್ನು ಮಾತ್ರ ಬರೆಯುತ್ತಾರೆ. ಕೆಲವು ಆಸ್ಪತ್ರೆಗಳು ಎರಡನ್ನೂ ಕೇಳಬಹುದು. ನೀನು ಹೋಗಬೇಕೆಂದಿರುವ ಜಾಗಗಳ ಪಟ್ಟಿ ಮಾಡು, ಒಂದೊಂದಕ್ಕೂ ಏನು ಬೇಕು ಅಂತ ಬರೆದುಕೋ, ನಿಮ್ಮ ಕಾಲೇಜಿನ ಸಲಹೆಗಾರರ ಮುಂದೆ ಕೂತು ಮಾತಾಡು. ಬುರುಜು ಕಟ್ಟುವವನು ಮೊದಲು ಕೂತು ಲೆಕ್ಕ ಹಾಕುತ್ತಾನೆ ಅಂತ ಕರ್ತನೇ ಹೇಳಿದ್ದಾನಲ್ಲ, ಲೂಕ 14ರಲ್ಲಿ. ಲೆಕ್ಕ ಹಾಕೋದೂ ಆರಾಧನೆಯ ಒಂದು ಭಾಗ.

ಆದರೆ ಲೆಕ್ಕದ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಅದನ್ನೂ ಕೇಳಿದೆ: "ಮೂಳೆ ಶಸ್ತ್ರಚಿಕಿತ್ಸೆಯೇ ಯಾಕೆ ಬೇಕು?" ಅವಳು ಖರೇ ಉತ್ತರ ಕೊಟ್ಟಳು. "ಅರ್ಧ ಅಜ್ಜನ ಬೆನ್ನು, ಅಂಕಲ್. ಕೊನೆಗೆ ಅವರಿಗೆ ನೆಟ್ಟಗೆ ನಿಲ್ಲೋಕೆ ಆಗ್ತಿರಲಿಲ್ಲ. ಇನ್ನರ್ಧ, ಕಸಿನ್‌ಗಳೆಲ್ಲ ಎಂ.ಡಿ. ಓದಿದವರು. ಡಿ.ಒ. ಅಂದ್ರೇನು ಅಂತ ಯಾರೂ ಕೇಳಬಾರದು ಅಂತ."

ಇಂಥ ಸತ್ಯ ಹೇಳುವ ಹುಡುಗಿಯನ್ನು ದೇವರು ಕೈಬಿಡೋದಿಲ್ಲ ಅಂತ ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ನಮ್ಮೆಲ್ಲರ ಆಸೆಯೂ ಹೀಗೇ ಅಲ್ವಾ? ಅರ್ಧ ಪ್ರೀತಿ, ಅರ್ಧ ಹೆಸರು. ಗೋಧಿ ಹಣಜಿ ಒಂದೇ ಹೊಲದಲ್ಲಿ.

ಪೌಲನನ್ನು ನೋಡಿ. ಯೆರೂಸಲೇಮಿನಲ್ಲಿ ಅವನನ್ನು ಬಾರುಗಳಿಂದ ಕಟ್ಟಿದ್ದಾರೆ, ಕೊರಡೆ ಎತ್ತಿದ್ದಾರೆ. ಆಗ ಶತಾಧಿಪತಿಯನ್ನು ಕೇಳುತ್ತಾನೆ, ತೀರ್ಪಿಲ್ಲದೆ ರೋಮನ್ ಪೌರನನ್ನು ಹೊಡೆಯೋದು ನಿಮಗೆ ಕಾನೂನೇ ಅಂತ. ಸಹಸ್ರಾಧಿಪತಿ ಓಡಿ ಬಂದ. ನಾನು ಈ ಹಕ್ಕನ್ನು ಬಹಳ ಹಣ ಕೊಟ್ಟು ಕೊಂಡೆ ಅಂದ. ಪೌಲ, ನಾನು ಹುಟ್ಟಿನಿಂದಲೇ ಪಡೆದವನು ಅಂದ. ಕಟ್ಟು ಬಿಚ್ಚಿದರು. ಪೌಲನು ತನ್ನ ಸರ್ಟಿಫಿಕೇಟು ತೋರಿಸಿದ, ನಾಚಿಕೆ ಪಡಲಿಲ್ಲ.

ಅದೇ ಪೌಲನು ಫಿಲಿಪ್ಪಿಯಲ್ಲಿ, ಕೃತ್ಯಗಳು 16ರಲ್ಲಿ, ಏಟು ತಿಂದು ಸೆರೆಮನೆಯಲ್ಲಿ ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಆ ಹಕ್ಕಿನ ಮಾತೆತ್ತಿದ. ಅದೇ ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ ತನ್ನ ಕುಲ, ಓದು, ಪಂಥ ಎಲ್ಲವನ್ನೂ ಪಟ್ಟಿ ಮಾಡಿ, ಕ್ರಿಸ್ತನ ಮುಂದೆ ಇದೆಲ್ಲ ಕಸ ಅಂದ. ಹಾಗಾದರೆ ಕಸವನ್ನು ಯಾಕೆ ಇಟ್ಟುಕೊಂಡ ಅಂತ ನೀವು ಕೇಳಬಹುದು. ಉತ್ತರ ಇದು: ಕೊರಡೆಯ ಮುಂದೆ ಅದು ಉಪಯೋಗಕ್ಕೆ ಬರುವ ಕಾಗದ. ದೇವರ ಮುಂದೆ ಅದು ನೀತಿಯ ಬಟ್ಟೆಯಾಗಲು ಹೋದರೆ ಕಸ. ಕಾಗದ ಬದಲಾಗಲಿಲ್ಲ, ಅದನ್ನು ಇಟ್ಟ ಜಾಗ ಬದಲಾಯಿತು. ಯುಎಸ್ಎಂಎಲ್ಇ ಅಂಕ ಅರ್ಜಿಯಲ್ಲಿದ್ದರೆ ಅದು ಕಾಗದ. ಎದೆಯ ಮೇಲೆ ನಿನ್ನ ಹೆಸರಾಗಿ ಕೂತರೆ ವಿಗ್ರಹ. ಪರೀಕ್ಷಿಸಿಕೊಳ್ಳೋದು ಹೇಗೆ? ನಿನ್ನನ್ನೇ ಕೇಳಿಕೋ: ಫಲಿತಾಂಶ ತಿರುಗಿಬಿದ್ದರೆ, ನಾಳೆ ಬೆಳಿಗ್ಗೆ ಕರ್ತನ ಮುಂದೆ ಮೊಣಕಾಲೂರಲು ನನಗೆ ಮುಖ ಇರುತ್ತದಾ? ಇರುವುದಿಲ್ಲ ಅನಿಸಿದರೆ ಪರೀಕ್ಷೆಯ ಮೊದಲೇ ಆ ವಿಷಯವನ್ನು ಪ್ರಾರ್ಥನೆಗೆ ತಾ.

ಇಲ್ಲಿ ಅವಳು ಒಂದು ಗಟ್ಟಿ ಮಾತು ಎತ್ತಿದಳು. "ಅಂಕಲ್, ನಾವೆಲ್ಲ ಇನ್ನೊಬ್ಬರ ಪರೀಕ್ಷೆ ಬರೀತಾ ಹೋದರೆ, ನಮ್ಮ ಪರೀಕ್ಷೆ ಕಡಿಮೆ ಅಂತ ನಾವೇ ಒಪ್ಪಿಕೊಂಡ ಹಾಗಲ್ವಾ? ಅನ್ಯಾಯಕ್ಕೆ ಕೈ ಜೋಡಿಸಿದ ಹಾಗಲ್ವಾ?"

ಇದನ್ನು ಸುಲಭವಾಗಿ ತಳ್ಳಿಹಾಕೋಕಾಗೋದಿಲ್ಲ, ಯಾಕಂದರೆ ಇದಕ್ಕೆ ಚರಿತ್ರೆ ಇದೆ. ಈ ಪದ್ಧತಿ ಶುರು ಮಾಡಿದವನು ಆಂಡ್ರ್ಯೂ ಟೇಲರ್ ಸ್ಟಿಲ್, ಒಬ್ಬ ಮೆಥಡಿಸ್ಟ್ ಬೋಧಕರ ಮಗ. 1864ರಲ್ಲಿ ಮಿದುಳು ಪೊರೆಯ ಜ್ವರಕ್ಕೆ ಅವನ ಮೂರು ಮಕ್ಕಳು ಸತ್ತರು. ಅವನೂ ವೈದ್ಯ, ಆದರೂ ಉಳಿಸಿಕೊಳ್ಳಲಾಗಲಿಲ್ಲ. ಅಂದಿನ ಔಷಧಿಗಳ ಮೇಲೆ ಅವನಿಗೆ ಭರವಸೆ ಹೋಯಿತು. 1874ರಲ್ಲಿ ಹೊಸ ವಿಚಾರವನ್ನು ಮುಂದಿಟ್ಟ. ಅದೇ 1874ರಲ್ಲೇ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗ ಶುರುವಾಗಿ ನಮ್ಮೂರು ಜಂಕ್ಷನ್ ಆಯಿತು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ಲಿನಲ್ಲಿ ಶಾಲೆ ತೆರೆದ. ಮೊದಲ ತರಗತಿಯಲ್ಲೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡ. ಎಂ.ಡಿ. ಪದವಿ ಕೊಡಲು ಕಾನೂನಿನಲ್ಲಿ ಅವಕಾಶ ಇದ್ದರೂ ಬೇರೆ ಹೆಸರನ್ನೇ ಆರಿಸಿದ. ಅವನು ಹೇಳಿದ್ದೆಲ್ಲ ಸರಿ ಅಂತ ಇವತ್ತಿನ ಡಿ.ಒ.ಗಳೇ ಹೇಳೋದಿಲ್ಲ. ಅವನನ್ನು ಸಂತನನ್ನಾಗಿ ಮಾಡೋದು ನಮಗೂ ಬೇಡ.

ಮುಂದೆ 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಒಪ್ಪಂದ ಜಾರಿಗೆ ಬಂತು. 65 ಡಾಲರ್ ಕೊಟ್ಟರೆ ಡಿ.ಒ. ತನ್ನ ಪದವಿಯನ್ನು ಎಂ.ಡಿ. ಅಂತ ಬದಲಾಯಿಸಿಕೊಳ್ಳಬಹುದು. ಎರಡು ಸಾವಿರದಷ್ಟು ವೈದ್ಯರು ಬದಲಾಯಿಸಿಕೊಂಡರು. ನಿನ್ನೆಯ ಕೈ, ನಿನ್ನೆಯ ಜ್ಞಾನ, ಬರೀ ಎರಡು ಅಕ್ಷರ ಹೊಸದು. ಅದೇ ವರ್ಷ ಆ ರಾಜ್ಯದಲ್ಲಿ ಹೊಸ ಡಿ.ಒ. ಲೈಸೆನ್ಸಿಗೆ ಬಾಗಿಲು ಮುಚ್ಚಿದರು. ಬದಲಾಯಿಸಿಕೊಳ್ಳದೆ ಉಳಿದವರು ಹೋರಾಡಿದರು, 1974ರಲ್ಲಿ ನ್ಯಾಯಾಲಯದಿಂದ ಬಾಗಿಲು ಮತ್ತೆ ತೆರೆಯಿತು. ಉಳಿದವರು ಉಳಿಯದಿದ್ದರೆ ಈ ಹುಡುಗಿಗೆ ಇವತ್ತು ಕಾಲೇಜೇ ಇರುತ್ತಿತ್ತೋ ಇಲ್ಲವೋ.

ಹಾಗಾದರೆ ಹೊರಟುಹೋದ ಎರಡು ಸಾವಿರ ಜನ ಹೇಡಿಗಳಾ? ನಾನು ಹಾಗೆ ಹೇಳಲಾರೆ. ಅವರಿಗೂ ಮನೆ ಮಕ್ಕಳಿದ್ದರು. ನಾನು ಅವಳಿಗೆ ಹೇಳಿದ್ದು ಇದು: ಸಾಲ ಹೊತ್ತ ವಿದ್ಯಾರ್ಥಿಯ ಒಬ್ಬಳ ಹೆಗಲ ಮೇಲೆ ಇಡೀ ವ್ಯವಸ್ಥೆಯ ಅನ್ಯಾಯವನ್ನು ಹೊರಿಸೋದು ನ್ಯಾಯ ಅಲ್ಲ. ಎರಡನೆಯ ಪರೀಕ್ಷೆ ಬರೆಯೋದು ಸುಳ್ಳಲ್ಲ, ಕಳ್ಳತನ ಅಲ್ಲ. ಬರಿ. ಆದರೆ ಒಂದು ಷರತ್ತು. ಒಳಗೆ ಹೋದ ಮೇಲೆ, ಹದಿನೈದು ವರ್ಷದ ನಂತರ ಅರ್ಜಿ ಆರಿಸುವ ಮೇಜಿನ ಆ ಕಡೆ ನೀನು ಕೂತಾಗ, ಸೇರಿನಲ್ಲಿ ಅಳೆದು ತಂದವರ ಚೀಲವನ್ನೂ ಬಿಚ್ಚಿ ನೋಡು. ಎಸ್ತೇರಳು ಅರಮನೆಗೆ ಹೋದದ್ದು ತಪ್ಪಾಗಲಿಲ್ಲ. ಅರಮನೆಯಲ್ಲಿ ಸುಮ್ಮನೆ ಕೂತಿದ್ದರೆ ತಪ್ಪಾಗುತ್ತಿತ್ತು. ಒಳಗೆ ಹೋಗಿ ಹಿಂದಿನ ಬಾಗಿಲು ಹಾಕಿಕೊಳ್ಳುವವರಿಂದಲೇ ಅನ್ಯಾಯ ಉಳಿದುಕೊಳ್ಳೋದು. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳು 371ಜೆ ಮೀಸಲಾತಿಯಲ್ಲಿ ಸೀಟು ಪಡೆದು ಮೇಲೆ ಹೋದವರು, ಈ ಮಾತನ್ನು ನೀವೂ ಕೇಳಿಸಿಕೊಳ್ಳಿ.

ಈಗ ಆ ಮೂರನೆಯ ಪ್ರಶ್ನೆ. ಫೇಲ್ ಆದರೆ ಮುಚ್ಚಿಡಬಹುದಾ?

ಯುಎಸ್ಎಂಎಲ್ಇ ಅಂಕಪಟ್ಟಿ ಕಳಿಸಿದರೆ ಎಲ್ಲ ಪ್ರಯತ್ನಗಳೂ ಅದರಲ್ಲಿ ಕಾಣುತ್ತವೆ, ಫೇಲಾದದ್ದೂ ಸಹ. ಆದರೆ ಅರ್ಜಿ ಹಾಕುವಾಗ ಆ ಪಟ್ಟಿಯನ್ನು ಕಳಿಸೋದು ಬಿಡೋದು ವಿದ್ಯಾರ್ಥಿಯ ಕೈಯಲ್ಲಿರುತ್ತದೆ. ಅಲ್ಲಿದೆ ಶೋಧನೆ. ನಾನು ಎರಡು ಗೆರೆ ಎಳೆದು ಹೇಳಿದೆ. ಒಂದು, ಕೇಳದವರಿಗೆಲ್ಲ ನಮ್ಮ ಸೋಲನ್ನು ಸಾರಬೇಕು ಅಂತ ದೇವರು ಹೇಳಿಲ್ಲ. ನಿಯಮವೇ ನಿನ್ನ ಆಯ್ಕೆಗೆ ಬಿಟ್ಟದ್ದನ್ನು ಕಳಿಸದಿರೋದು ಸುಳ್ಳಲ್ಲ. ಎರಡು, ಅರ್ಜಿಯಲ್ಲಾಗಲಿ ಸಂದರ್ಶನದಲ್ಲಾಗಲಿ ಯಾರಾದರೂ ಬರೆದಿದ್ದೀಯಾ ಅಂತ ಕೇಳಿದರೆ, ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಅಲ್ಲಿ ಜಾಣತನ ನಡೆಯೋದಿಲ್ಲ. ಗೇಹಜಿಯನ್ನು ಎಲೀಷನು ಎಲ್ಲಿಗೆ ಹೋಗಿದ್ದೆ ಅಂತ ಕೇಳಿದಾಗ, ಎಲ್ಲೂ ಹೋಗಿಲ್ಲ ಅಂದ. ಆ ಒಂದು ಮಾತು ಅವನ ಜೀವನವನ್ನೇ ತಿಂದಿತು. ಮುಂದೆ ರೋಗಿಯ ಮುಂದೆ ನಿಂತು ನನ್ನ ಕೈ ತಪ್ಪಿತು ಅಂತ ಹೇಳಬೇಕಾದ ದಿನ ಪ್ರತಿ ಡಾಕ್ಟರಿಗೂ ಬರುತ್ತದೆ. ಆ ಮಾತಿನ ಅಭ್ಯಾಸ ಈಗಿನಿಂದಲೇ ಆಗಬೇಕು.

ಇದರ ಜೊತೆ ಇನ್ನೊಂದು. ಅಲ್ಲಿ ಮ್ಯಾಚ್ ಅಂತ ಪದ್ಧತಿ ಇದೆ. ವಿದ್ಯಾರ್ಥಿಯೂ ಆಸ್ಪತ್ರೆಯೂ ತಮ್ಮ ಇಷ್ಟದ ಪಟ್ಟಿ ಕೊಡುತ್ತಾರೆ, ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಫಲಿತಾಂಶ. ಬಂದದ್ದಕ್ಕೆ ಇಬ್ಬರೂ ಬದ್ಧರು. ಪಟ್ಟಿಯಲ್ಲಿ ಬರೆದ ಮೇಲೆ ಅದು ಮಾತು ಕೊಟ್ಟ ಹಾಗೆ. ಹತ್ತು ಆಸ್ಪತ್ರೆಗೆ "ನೀವೇ ನನ್ನ ಮೊದಲ ಆಯ್ಕೆ" ಅಂತ ಹೇಳುವ ನಾಲಿಗೆ ವಿಶ್ವಾಸಿಯದ್ದಾಗಬಾರದು.

ಕೊನೆಗೆ ಸಭೆಗೇ ಒಂದು ಮಾತು. ಈ ಹುಡುಗಿ ಯಾಕೆ ಹೆದರುತ್ತಾಳೆ? ಅಮೆರಿಕದ ಆಸ್ಪತ್ರೆಯವರಿಗೆ ಮಾತ್ರ ಹೆದರುತ್ತಿಲ್ಲ, ನಮಗೂ ಹೆದರುತ್ತಾಳೆ. ಸರ್ಜನ್ ಆದವನು ಊರಿಗೆ ಬಂದರೆ ನಾವು ವೇದಿಕೆಗೆ ಕರೆದು ಶಾಲು ಹೊದಿಸ್ತೇವೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡುವ ಸಿಸ್ಟರ್ ಬಂದರೆ ಹಿಂದಿನ ಸಾಲಿನ ಕುರ್ಚಿ ತೋರಿಸ್ತೇವೆ. ಯಾಕೋಬನು ತನ್ನ ಪತ್ರದ ಎರಡನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರದವನ ಬಗ್ಗೆ ಬರೆದದ್ದು ನಮಗೇ. ಸಾಕ್ಷಿ ಹೇಳೋಕೆ ಸೀಟು ಸಿಕ್ಕವರನ್ನು ಮಾತ್ರ ಕರೆಯುತ್ತೇವೆ. ಸಿಗದಿದ್ದರೂ ಕರ್ತನನ್ನು ಬಿಡದವರ ಸಾಕ್ಷಿಯನ್ನು ಎಷ್ಟು ಸಲ ಕೇಳಿದ್ದೇವೆ? ಮಕ್ಕಳಿಗೆ ಅಂಕವೇ ಹೆಸರಾಗೋದನ್ನು ಕಲಿಸಿದವರು ನಾವೇ. ಮೊದಲು ನಾನು, ಆಮೇಲೆ ನೀವು, ಇದಕ್ಕೆ ಮಾನಸಾಂತರ ಪಡಬೇಕು.

ನಮ್ಮ ಸ್ಟೇಷನ್ನಿನಲ್ಲಿ ಒಂದು ಹಳಿ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುತ್ತದೆ, ಇನ್ನೊಂದು ರಾಯಚೂರಿನ ಕಡೆ. ಯಾವ ಹಳಿ ಪವಿತ್ರ ಅಂತ ಯಾರೂ ಕೇಳೋದಿಲ್ಲ. ನೀನು ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಹೋಗಬೇಕು ಅಂತ ಕೇಳುತ್ತಾರೆ. ಪರೀಕ್ಷೆಗಳೂ ಹಾಗೇ. ಒಂದು ಬರೆದವಳೂ ಎರಡು ಬರೆದವಳೂ ಕರ್ತನ ಮಗಳೇ.

ಅವಳು ಏನು ತೀರ್ಮಾನ ಮಾಡಿದಳು ಅಂತ ನೀವು ಕೇಳಬಹುದು. ಇನ್ನೂ ಮಾಡಿಲ್ಲ. ಮಾದರಿ ಪರೀಕ್ಷೆ ಬರೆದು, ಲೆಕ್ಕ ಹಾಕಿ ಹೇಳ್ತೇನೆ ಅಂದಿದ್ದಾಳೆ. ಒಂದು ಮಾತ್ರ ತೀರ್ಮಾನ ಆಗಿದೆ. ಮುಂದಿನ ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ, "ನಾನು ಡಿ.ಒ." ಅಂತ ಮೊದಲು ತಾನೇ ಹೇಳ್ತಾಳಂತೆ. ಅಜ್ಜಿ ಫೋನಿನ ಈ ಕಡೆಯಿಂದ, "ನಿಮ್ಮಜ್ಜನ ಬೆನ್ನು ತಿಕ್ಕಿದ ಕೈ ನಂದು, ನಂಗ ಯಾರೂ ಡಿಗ್ರಿ ಕೇಳಿಲ್ಲವ್ವಾ" ಅಂದರು. ಇಬ್ಬರೂ ನಕ್ಕರು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಪರೀಕ್ಷೆಯ ಮುಂದೆ ನಿಂತ ನಮ್ಮ ಮಕ್ಕಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಬರೆಯಬೇಕಾದದ್ದನ್ನು ಬರೆಯುವ ಶ್ರದ್ಧೆ ಕೊಡು, ಬಿಡಬೇಕಾದದ್ದನ್ನು ಬಿಡುವ ಧೈರ್ಯ ಕೊಡು. ಸೋತಾಗ ಸತ್ಯ ಹೇಳುವ ನಾಲಿಗೆ ಕೊಡು, ಗೆದ್ದಾಗ ಹಿಂದಿನವರಿಗೆ ಬಾಗಿಲು ಹಿಡಿಯುವ ಕೈ ಕೊಡು. ನಿನ್ನ ಹೆಸರಿನಲ್ಲಿ ನಾವು ಆಡಿದ ಸುಳ್ಳು ಭರವಸೆಗಳಿಂದ ನೊಂದು ದೂರವಾದವರನ್ನು ನೀನೇ ಹುಡುಕಿಕೊಂಡು ಹೋಗು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.